ನಡುಹಂತದ ಪದಗಳು

ಜನವರಿ 6

ತಂಗಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ.

ಈ ಪತ್ರ ಓದಿ ನಗಬೇಡ. ನಕ್ಕರೂ ನನಗೆ ತಿಳಿಸಬೇಡ. ನೀನು ನನಗೆ ಇಂಗ್ಲಿಷ್ ಕಲಿಸಬೇಕು. ಎ ಬಿ ಸಿ ಅಲ್ಲ. ಹೈಸ್ಕೂಲು ಮುಗಿಸಿದವಳು ನಾನು, ಅದು ನೆನಪಿರಲಿ. ಬೋರ್ಡು ಓದುತ್ತೇನೆ, ಸೋಪಿನ ಪುಡಿಯ ಡಬ್ಬದ ಮೇಲಿನ ಸೂಚನೆ ಓದುತ್ತೇನೆ, ‘ಟುಮಾರೋ ಈವ್ನಿಂಗ್ ರೆಡಿ’ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ಮಾತು ಅದರಾಚೆಗೆ ಬೆಳೆದರೆ ಮಾತ್ರ ಬಾಯಿಗೆ ಬೀಗ.

ಕಾರಣ ಕೇಳು. ದೊಡ್ಡ ರಸ್ತೆಯ ಹೊಸ ಹೋಟೆಲಿನವರು ಬೆಡ್‌ಶೀಟು, ಟವೆಲು, ಮೇಜಿನ ಬಟ್ಟೆ ಎಲ್ಲವನ್ನೂ ನಮ್ಮ ಲಾಂಡ್ರಿಗೆ ಕೊಡುವ ಯೋಚನೆಯಲ್ಲಿದ್ದಾರೆ. ಏಪ್ರಿಲಿನಲ್ಲಿ ಅವರ ಮ್ಯಾನೇಜರಮ್ಮ ಬಂದು ನೋಡಿ ಮಾತಾಡುತ್ತಾರಂತೆ. ಅವರಿಗೆ ಕನ್ನಡ ಬರುವುದಿಲ್ಲ. ನನ್ನ ಮಗ, ನಮ್ಮ ದೊರೆ, ಕೆಲಸದವರೆಲ್ಲರ ಮುಂದೆ ಹೇಳಿದ: “ಅಮ್ಮ, ಇನ್ನು ನೀನು ಒಳಗೆ ಆರಾಮಾಗಿರು. ಇಂಗ್ಲಿಷ್ ಬರೋರು ಗಲ್ಲಾದಲ್ಲಿ ಕೂತ್ಕೊಳ್ಲಿ.”

ನಾನು ಬಿಡುತ್ತೇನೆಯೇ? “ಸರಿಯಪ್ಪ. ಆ ಮ್ಯಾನೇಜರಮ್ಮನ ಹತ್ರ ಮಾತಾಡಿ ಯಾರು ಕೆಲಸ ಹಿಡೀತಾರೋ ಕುರ್ಚಿ ಅವರದು” ಎಂದೆ. ಇಸ್ತ್ರಿ ಮೇಜಿನವರು ಕೈ ನಿಲ್ಲಿಸಿ ಕೇಳಿಸಿಕೊಂಡರು. ಮಾತು ಹೊರಗೆ ಬಿದ್ದಾಯಿತು, ಇನ್ನು ನುಂಗುವ ಹಾಗಿಲ್ಲ. ನಿನ್ನ ಭಾವ ಹೋದ ಮೇಲೆ ಆ ಕುರ್ಚಿಯಲ್ಲಿ ನನ್ನ ಹೊರತು ಯಾರೂ ಕೂತಿಲ್ಲ.

ಫೋನಿನಲ್ಲಿ ಪಾಠ ಬೇಡ. ಬಾಯ್ಲರಿನ ಸದ್ದಿಗೆ ನಾನು ಕೂಗಿ ಮಾತಾಡಬೇಕು, ಆಗ ಇಡೀ ಬೀದಿಗೆ ಪಾಠವಾಗುತ್ತದೆ. ಮನೆಗೂ ಬರೆಯಬೇಡ. ಪಕ್ಕದ ಅಂಗಡಿಯ ದರ್ಜಿಯಾಕೆ ನಂಬಿಗಸ್ತೆ. ಅವಳ ವಿಳಾಸ ಕೆಳಗಿದೆ. ದೊರೆಗೆ ಈ ವಿಷಯ ಗೊತ್ತಾದರೆ ನಾನು ತಲೆ ಎತ್ತುವ ಹಾಗಿಲ್ಲ.

ನಿನ್ನ ಅಕ್ಕ

ಜನವರಿ 15

ಪ್ರೀತಿಯ ಅಕ್ಕ,

ನಗಲಿಲ್ಲ. ಸ್ವಲ್ಪ ಮಾತ್ರ.

ಸ್ಕೂಲಿನಿಂದ ನಿವೃತ್ತಳಾದ ಮೇಲೆ ನಾನು ಕೆಲಸಕ್ಕೆ ಹೋಗುವವರಿಗೇ ಪಾಠ ಹೇಳುತ್ತಿದ್ದೇನೆ. ಬಸ್ ಕಂಡಕ್ಟರು, ನರ್ಸು, ಔಷಧಿ ಅಂಗಡಿಯವರು. ಅವರೆಲ್ಲ ನಿನ್ನ ಹಾಗೆಯೇ, ಮೊದಲ ಮೆಟ್ಟಿಲು ಹತ್ತಿ ಅಲ್ಲೇ ನಿಂತವರು. ಅವರಿಗೆಂದು ನಡುಹಂತದ ಹಾಳೆಗಳನ್ನು ಮಾಡಿದ್ದೇನೆ. ಹಾಳೆಗೆ ಐದು ಪದ, ಸರಳ ಇಂಗ್ಲಿಷಿನಲ್ಲಿ ಅದರ ವಿವರಣೆ, ಒಂದು ಉದಾಹರಣೆ ವಾಕ್ಯ. ನೀನು ಪ್ರತಿ ಪದಕ್ಕೂ ನಿನ್ನದೇ ವಿವರಣೆ, ನಿನ್ನದೇ ವಾಕ್ಯ ಬರೆದು ಕಳಿಸಬೇಕು. ಇಂಗ್ಲಿಷಿನದು ಬೇರೆ ಹಾಳೆಯಲ್ಲಿರಲಿ, ಪತ್ರದಲ್ಲಿ ಕನ್ನಡದಲ್ಲೇ ಹೇಳು. ಅರ್ಥ ತಲೆಗೆ ಹೋಗಿದೆಯೇ ಎಂಬುದು ಅದರಿಂದ ಗೊತ್ತಾಗುತ್ತದೆ.

ನಿಯಮ ಒಂದೇ. ವಾಕ್ಯ ನಿನಗೆ ಗೊತ್ತಿರುವ ಮನುಷ್ಯರ ಬಗ್ಗೆ ಇರಬೇಕು, ನಿಜವಾಗಿರಬೇಕು. ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂದು ಬರೆದರೆ ಸೊನ್ನೆ. ಸುಳ್ಳು ವಾಕ್ಯದೊಳಗೆ ಕೂತ ಪದ ಬೇಕಾದಾಗ ಬಾಯಿಗೆ ಬರುವುದಿಲ್ಲ.

ಈ ವರ್ಷ ನಿಮ್ಮ ಕಡೆಯವರಿಗೆ ಇಂಗ್ಲಿಷಿನ ಹುಚ್ಚು ಹೆಚ್ಚಾದಂತೆ ಕಾಣುತ್ತದೆ. ಇರಲಿ. ಮೊದಲ ಹಾಳೆ ಇದರೊಂದಿಗಿದೆ.

ನಿನ್ನ ತಂಗಿ

ಜನವರಿ 27

ತಂಗಿಗೆ,

ಮನೆಯ ವಿಷಯ ಹೊರಗೆ ಹಾಕುವವಳಲ್ಲ ನಾನು. ಆದರೆ ನಿನ್ನ ನಿಯಮಕ್ಕೆ ಬೇರೆ ದಾರಿಯಿಲ್ಲ. ಮಧ್ಯಾಹ್ನ ಉಗಿ ಇಳಿದು ಎಲ್ಲರೂ ಊಟಕ್ಕೆ ಹೋದಾಗ ಬಟ್ಟೆಗೆ ಗಂಜಿ ಹಾಕುವ ಕೋಣೆಯಲ್ಲಿ ಕೂತು ಬರೆದೆ.

‘ರಿಲಕ್ಟೆಂಟ್’ ಎಂದರೆ ಕೈ ಮುಂದೆ ಬಂದರೂ ಕಾಲು ಹಿಂದೆಯೇ ಇರುವುದು. ವಾಕ್ಯ: ಬಾಯ್ಲರ್ ತೊಳೆಯಲು ನನ್ನ ಮಗ ರಿಲಕ್ಟೆಂಟ್. ‘ಅಡಿಕ್ವೇಟ್’ ಎಂದರೆ ಸಾಕಾಗುವಷ್ಟು, ಹೊಗಳುವಷ್ಟಲ್ಲ. ನನ್ನ ಮಗನ ಇಸ್ತ್ರಿ ಅಡಿಕ್ವೇಟ್. ‘ಕನ್ಸೀಲ್’ ಎಂದರೆ ಸುಟ್ಟ ಕಲೆ ಒಳಗೆ ಹೋಗುವ ಹಾಗೆ ಅಂಗಿ ಮಡಿಸುವುದು. ಅದನ್ನು ಮಾಡಿ ಸಿಕ್ಕಿಬಿದ್ದವನೂ ನನ್ನ ಮಗನೇ. ‘ಬೋಸ್ಟ್’ ಎಂದರೆ ಜಂಬ ಕೊಚ್ಚುವುದು, ಅದಕ್ಕೆ ನಾನು ಯೋಚನೆಯನ್ನೇ ಮಾಡಬೇಕಾಗಲಿಲ್ಲ. ‘ಹೆಸಿಟೇಟ್’, ಅಂದರೆ ಹಿಂದುಮುಂದು ನೋಡುವುದು, ಸ್ವಲ್ಪ ಕಷ್ಟವಾಯಿತು. ಮಾತಾಡುವ ಮೊದಲು ದೊರೆ ಹೆಸಿಟೇಟ್ ಮಾಡುವುದಿಲ್ಲ ಎಂದು ಬರೆದೆ. ‘ಇಲ್ಲ’ ಸೇರಿಸಬಹುದು ತಾನೇ?

ಸುಮ್ಮನೆ ಹೇಳುವುದಲ್ಲ, ನನಗೆ ಇದು ಹಿಡಿಸಿದೆ. ಒಂದು ಪದ ಕೈಗೆ ಬಂದರೆ ಅದು ಯಾರ ಮೈಗೆ ಒಪ್ಪುತ್ತದೆ ಎಂದು ಇಡೀ ದಿನ ಬೀದಿಯವರನ್ನೆಲ್ಲ ನೋಡುತ್ತಾ ಕೂರುತ್ತೇನೆ. ನಿನ್ನೆ ಒಬ್ಬ ಗಿರಾಕಿ “ಯಾಕಮ್ಮ ಹಾಗೆ ನೋಡ್ತೀರ, ಬಾಕಿ ಏನಾದ್ರೂ ಇದೆಯಾ?” ಎಂದು ಗಾಬರಿಯಾದ.

ಅಕ್ಕ

ಫೆಬ್ರವರಿ 5

ಅಕ್ಕ,

ಐದೂ ಸರಿ. ನಿನ್ನ ‘ಕನ್ಸೀಲ್’ ವಿವರಣೆಯನ್ನು ನನ್ನ ಹಾಳೆಗೇ ಸೇರಿಸಿಕೊಳ್ಳಬೇಕು ಅನ್ನಿಸಿತು.

ಆದರೆ ಐದೂ ಮಗನ ಮೇಲೆ! ನಿನ್ನ ಮನೆಯಲ್ಲಿ ಸೊಸೆ ಇದ್ದಾಳೆ, ಲಾಂಡ್ರಿಯಲ್ಲಿ ಅಷ್ಟು ಜನ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ನೀನಿದ್ದೀಯ. ‘ರಿಲಕ್ಟೆಂಟ್’ ಎಂಬ ಪದ ನಿನ್ನ ಕುರ್ಚಿಯ ಹತ್ತಿರ ಸುಳಿಯಲೇ ಇಲ್ಲವೇ? ನಲವತ್ತು ದಾಟಿದ ಅವನು ಇವತ್ತಿಗೂ ಸೈಕಲ್ಲಿನಲ್ಲಿ ಗಂಟು ಹೊತ್ತು ಮನೆಮನೆಗೆ ಕೊಟ್ಟು ಬರುತ್ತಾನಲ್ಲ, ಅವನಿಗೂ ಏನಾದರೂ ಅನ್ನಿಸುವುದಿಲ್ಲವೇ?

ಇದು ವ್ಯಾಕರಣದ ತಿದ್ದುಪಡಿ ಅಲ್ಲ. ಬೇಕಾದರೆ ಬಿಟ್ಟುಬಿಡು. ಎರಡನೆಯ ಹಾಳೆ ಇದರಲ್ಲಿದೆ, ಮೂರನೆಯದನ್ನು ಮೂರು ದಿನ ಬಿಟ್ಟು ಕಳಿಸುತ್ತೇನೆ. ನಿನಗೆ ಒಂದು ಹಾಳೆ ಒಂದು ವಾರಕ್ಕೆ ಸಾಲದು.

ತಂಗಿ

ಫೆಬ್ರವರಿ 17

ತಂಗಿಗೆ,

ಟೀಚರಮ್ಮನ ಉಪದೇಶ ಓದಿದೆ. ಬಿಟ್ಟೆ.

ಈಗ ವಿಚಿತ್ರ ಕೇಳು. ಹತ್ತು ದಿನದ ಹಿಂದೆ ದೊರೆ ಗಂಜಿ ಕೋಣೆಯಲ್ಲಿ ನಿಂತು “ಗಂಜಿ ಅಡಿಕ್ವೇಟ್ ಇದೆ” ಎಂದ. ನನ್ನ ಕಿವಿ ನೆಟ್ಟಗಾಯಿತು. ಎರಡು ವರ್ಷ ಕಾಲೇಜಿಗೆ ಹೋದವನು, ಬಂದಿರಬಹುದು ಎಂದು ಸುಮ್ಮನಾದೆ. ನಿನ್ನ ಎರಡನೆಯ ಹಾಳೆ ಬಂದ ಮರುದಿನ ಒಬ್ಬರು ಟೀ ಚೆಲ್ಲಿದ ಅಂಗಿ ತಂದು ಕಲೆ ಪೂರ್ತಿ ಹೋಗುತ್ತಾ ಎಂದು ಕೇಳಿದರು. ಇವನು ಗಂಟಲು ಸರಿಮಾಡಿಕೊಂಡು “ಸ್ವಲ್ಪ ಉಳಿಯೋದು ಇನ್‌ಎವಿಟಬಲ್ ಸರ್” ಎಂದ. ತಪ್ಪಿಸಲಾಗದ್ದು ಎಂಬ ಅರ್ಥದ ಆ ಪದವನ್ನು ನಾನು ಹಿಂದಿನ ದಿನವಷ್ಟೇ ಬಾಯಿಪಾಠ ಮಾಡಿದ್ದೆ!

ಆಮೇಲೆ ನಾನು ಕಾದು ನೋಡಿದೆ. ಮೂರನೆಯ ಹಾಳೆಯ ಪದ ಮೂರನೆಯ ಹಾಳೆ ಬರುವ ಮೊದಲು ಅವನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬಂದ ಮೇಲೆ ಪುಂಖಾನುಪುಂಖ. ಕಾಲೇಜಿನ ಇಂಗ್ಲಿಷ್ ಹೀಗೆ ಹಾಳೆಯ ಲೆಕ್ಕದಲ್ಲಿ ಹೊರಗೆ ಬರುತ್ತದೆಯೇ? ಹಾಳೆಗಳನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ, ಆದರೂ ಇಷ್ಟು ಕುತೂಹಲ ನನಗೆ ಯಾವ ಕಾಲದಲ್ಲೂ ಹುಟ್ಟಿರಲಿಲ್ಲ.

ನೀನೊಂದು ಸಹಾಯ ಮಾಡು. ಮುಂದಿನ ಹಾಳೆಯಲ್ಲಿ ಯಾರೂ ಆಡದ ಒಂದು ಪದ ನನಗೆಂದೇ ಸೇರಿಸು. ಅದು ಅವನ ಬಾಯಲ್ಲಿ ಬಂದರೆ ಕಳ್ಳ ಸಿಕ್ಕ ಹಾಗೆ.

ಅಕ್ಕ

ಫೆಬ್ರವರಿ 25

ಅಕ್ಕ,

ಹಾಳೆಗಳೆಲ್ಲ ಮೊದಲೇ ಜೆರಾಕ್ಸ್ ಆಗಿವೆ, ಹೊಸ ಪದ ಸೇರಿಸುವುದು ಕಷ್ಟ. ಕಾಕತಾಳೀಯವೂ ಇರಬಹುದು. ಇವೆಲ್ಲ ಪೇಪರಿನಲ್ಲಿ, ಟೀವಿಯಲ್ಲಿ ಬರುವ ಪದಗಳೇ ಅಲ್ಲವೇ? ಅಷ್ಟು ಅನುಮಾನವಿದ್ದರೆ ಅವನನ್ನೇ ಕೇಳಿಬಿಡು.

ನಿನ್ನ ಮೂರನೆಯ ಹಾಳೆಯಲ್ಲಿ ಎರಡು ತಪ್ಪಿವೆ, ಕೆಂಪಿನಲ್ಲಿ ಗುರುತು ಹಾಕಿದ್ದೇನೆ. ನಾಲ್ಕನೆಯದು ಇದೇ ಲಕೋಟೆಯಲ್ಲಿದೆ. ಇಲ್ಲಿ ಸೆಕೆ ಶುರುವಾಗಿದೆ.

ತಂಗಿ

ಮಾರ್ಚ್ 4

ತಂಗಿಗೆ,

ಸೆಕೆಯ ವಿಷಯ ಕೇಳಿರಲಿಲ್ಲ. ಅವನನ್ನೇ ಕೇಳು ಎನ್ನುತ್ತೀಯಲ್ಲ, ಕೇಳಿದರೆ ನಾನು ಕಲಿಯುತ್ತಿರುವುದೂ ಹೊರಗೆ ಬೀಳುತ್ತದೆ. ಅಷ್ಟು ಗೊತ್ತಾಗುವುದಿಲ್ಲವೇ ನಿನಗೆ?

ನಾನೇ ಪರೀಕ್ಷೆ ಮಾಡಿದೆ. ನಿನ್ನ ಲಕೋಟೆ ಬಂದಿದೆ ಎಂದು ದರ್ಜಿಯಾಕೆ ಹೇಳಿಕಳಿಸಿದರೂ ಬೇಕೆಂದೇ ಮೂರು ದಿನ ತರಲು ಹೋಗಲಿಲ್ಲ. ಅದು ಅವಳ ಮೇಜಿನ ಮೇಲೇ ಇತ್ತು. ಆ ಮೂರು ದಿನ ದೊರೆಯ ಬಾಯಲ್ಲಿ ‘ಥರೋ’ ಎಂಬ ಹೊಸ ಪದ. ಥರೋ ಆಗಿ ಒಗೀರಿ, ಥರೋ ಆಗಿ ಹಿಂಡಿ. ನಾಲ್ಕನೆಯ ದಿನ ಲಕೋಟೆ ತಂದು ಒಡೆದೆ. ಮೊದಲ ಪದವೇ ಥರೋ, ಏನೂ ಬಿಡದೆ ಪೂರ್ತಿಯಾಗಿ ಎಂದು ಅರ್ಥ! ಇನ್ನೇನು ಸಾಕ್ಷಿ ಬೇಕು?

ನೇರ ಅವಳ ಅಂಗಡಿಗೆ ಹೋದೆ. “ಎಷ್ಟು ದಿನದಿಂದ ಅವನಿಗೆ ತೋರಿಸ್ತಿದ್ದೀಯ?” ಎಂದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, “ಅಮ್ಮ, ನಿಮ್ಮ ಲಕೋಟೆ ನಾನು ಮುಟ್ಟಿದ್ದು ಕೈಯಲ್ಲಿ, ಕಣ್ಣಲ್ಲಲ್ಲ” ಎಂದಳು. “ಮಾತು ಚೆನ್ನಾಗಿ ಹೊಲೀತೀಯ” ಎಂದೆ. ಅವಳು ಮತ್ತೆ ಯಂತ್ರ ತುಳಿಯತೊಡಗಿದಳು. ನಮ್ಮಲ್ಲಿ ಹರಿದ ಬಟ್ಟೆ ಬಂದರೆ ಅವಳಿಗೇ ಕೊಡುತ್ತಿದ್ದೆ. ಇವತ್ತಿನಿಂದ ಅದೂ ನಿಲ್ಲಿಸಿದೆ. ಇಷ್ಟು ವರ್ಷದ ನೆರೆಹೊರೆ ಇದಕ್ಕೆ ಮುಗಿಯಿತು.

ಬೇರೆ ವಿಳಾಸ ಹುಡುಕಿ ತಿಳಿಸುತ್ತೇನೆ. ಅಲ್ಲಿಯವರೆಗೆ ಬರೆಯಬೇಡ.

ಅಕ್ಕ

ಮಾರ್ಚ್ 8, ತುರ್ತು ಅಂಚೆ

ಅಕ್ಕ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ದರ್ಜಿಯಾಕೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ, ಏಕೆಂದರೆ ಅವಳು ಏನೂ ತಪ್ಪು ಮಾಡಿಲ್ಲ.

ಹಾಳೆಗಳನ್ನು ಅವನಿಗೆ ಕಳಿಸುತ್ತಿರುವವಳು ನಾನೇ. ಡಿಸೆಂಬರಿನಲ್ಲಿ ಅವನು ನನಗೆ ಬರೆದ. ನೀನು ಬರೆಯುವುದಕ್ಕೂ ಮೊದಲು. “ಚಿಕ್ಕಮ್ಮ, ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ತಲೆಗೆ ಹತ್ತಲಿಲ್ಲ. ಅಮ್ಮ ನನಗೆ ಬರುತ್ತದೆ ಎಂದುಕೊಂಡಿದ್ದಾಳೆ. ಅವಳಿಗೆ ಗೊತ್ತಾಗುವ ಮೊದಲು ಕಲಿಸು” ಎಂದು. ಸೈಕಲ್ ರಿಪೇರಿಯವನ ವಿಳಾಸ ಕೊಟ್ಟಿದ್ದ. ಹಾಳೆ ಶುರುಮಾಡುವ ಮೊದಲೇ ನಿನ್ನ ಪತ್ರ ಬಂತು. ಗುಟ್ಟು ಬಿಡುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿದ್ದೆ, ನೀನೂ ಅದನ್ನೇ ಕೇಳಿದೆ. ಇಬ್ಬರಿಗೂ ಒಂದೇ ದಿನ ಒಂದೇ ಹಾಳೆ ಅಂಚೆಗೆ ಹಾಕುತ್ತಾ ಬಂದೆ. ಇಬ್ಬರೂ ಪದಗಳನ್ನು ಅಂಗಡಿಗೆ ತರುತ್ತೀರಿ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಕಂಡಕ್ಟರೂ ನರ್ಸೂ ಒಂದೇ ಮನೆಯಲ್ಲಿ ಇರುವುದಿಲ್ಲವಲ್ಲ!

ಫೆಬ್ರವರಿಯಲ್ಲಿ ನೀನು ಅನುಮಾನ ಬರೆದಾಗಲೇ ಹೇಳಬೇಕಿತ್ತು. ಈಗ ಅವನಿಗೆ ಕೊಟ್ಟ ಮಾತು ಮುರಿದಿದ್ದೇನೆ. ನೀನು ಕಲಿಯುತ್ತಿರುವುದನ್ನು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಬೈಯುವುದಿದ್ದರೆ ನನ್ನನ್ನು ಬೈಯಿ. ಮೊದಲು ಪಕ್ಕದ ಅಂಗಡಿಗೆ ಹೋಗಿ ಬಾ.

ತಂಗಿ

ಮಾರ್ಚ್ 21

ಅಕ್ಕ,

ನಿನ್ನಿಂದ ಉತ್ತರವಿಲ್ಲ. ಕೋಪ ಇಳಿಯುವವರೆಗೆ ಪಾಠ ನಿಲ್ಲಿಸಿದ್ದೇನೆ, ನಿನ್ನದು ಮಾತ್ರ. ಅವನ ಹಾಳೆಗಳು ಹೋಗುತ್ತಿವೆ. ಅವನು ನನ್ನ ಮೇಲೆ ಕೋಪ ಮಾಡಿಕೊಂಡಿಲ್ಲವಲ್ಲ.

ತಂಗಿ

ಮಾರ್ಚ್ 28

ತಂಗಿಗೆ,

ನಿನ್ನ ಮೇಲಿನ ಕೋಪ ಇಳಿದಿಲ್ಲ. ಅದನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ದರ್ಜಿಯಾಕೆಯ ಅಂಗಡಿಯ ಪರದೆಗಳನ್ನು ನಾನೇ ಬಿಚ್ಚಿಸಿ ತರಿಸಿ, ನನ್ನ ಕೈಯಾರೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಹಿಡಿದುಕೊಂಡು ಹೋದೆ. “ತಪ್ಪು ನನ್ನದು” ಎಂದೆ. ಅಷ್ಟು ಹೇಳಲು ಅಂಗಡಿಯ ಮುಂದೆ ಎರಡು ಸಲ ಓಡಾಡಬೇಕಾಯಿತು. ಅವಳು ಪರದೆ ಮುಟ್ಟಿ ನೋಡಿ, “ಗಂಜಿ ಜಾಸ್ತಿ ಆಯ್ತು, ತಗಡಿನ ಹಾಗಿದೆ” ಎಂದಳು. ಆಮೇಲೆ ಕುರ್ಚಿ ಎಳೆದು ಹಾಕಿದಳು. ಹರಿದ ಬಟ್ಟೆಗಳು ಮತ್ತೆ ಅವಳಲ್ಲಿಗೇ ಹೋಗುತ್ತಿವೆ.

ದೊರೆಗೆ ನಾನು ಏನೂ ಹೇಳಿಲ್ಲ. ಈ ಮೂರು ವಾರ ಅವನನ್ನು ನೋಡುತ್ತಿದ್ದೇನೆ. ಅವನಿಗೆ ಇಂಗ್ಲಿಷ್ ಬರುತ್ತದೆಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ, ಅವನಲ್ಲ. ಗಿರಾಕಿ ಎದುರಿಗೆ ಇಲ್ಲದಿದ್ದಾಗ ಅವನ ತುಟಿ ಆಡುತ್ತಿರುತ್ತದೆ. ಮೊದಲು ಅದನ್ನು ಹಾಡು ಎಂದುಕೊಂಡಿದ್ದೆ. ಸೈಕಲ್ಲಿನ ಮೇಲೆ ಗಂಟು ಕಟ್ಟುತ್ತಾ ಮೊನ್ನೆ ಏನೋ ಹೇಳಿಕೊಳ್ಳುತ್ತಿದ್ದ. ಹತ್ತಿರ ಹೋದೆ. “ನೆಗೋಷಿಯೇಟ್, ನೆಗೋಷಿಯೇಟ್.” ಆ ಪದ ನನಗೆ ಗೊತ್ತಿಲ್ಲ! ಅವನಿಗೆ ಗೊತ್ತಿರುವ ಪದ ನನಗೆ ಗೊತ್ತಿಲ್ಲ. ಇದನ್ನು ನಾನು ಸಹಿಸುವುದಿಲ್ಲ. ನಿಲ್ಲಿಸಿದ ಹಾಳೆಗಳನ್ನೆಲ್ಲ ಒಟ್ಟಿಗೆ ಕಳಿಸು.

ಇನ್ನೊಂದು ವಿಷಯ. ಅವನಿಗೂ ಅದೇ ಪದಗಳು, ಅದೇ ನಿಯಮ, ಅಲ್ಲವೇ? ಗೊತ್ತಿರುವವರ ಮೇಲೆ ನಿಜವಾದ ವಾಕ್ಯ. ಹಾಗಾದರೆ ‘ರಿಲಕ್ಟೆಂಟ್’ಗೆ ಅವನು ಏನು ಬರೆದ? ‘ಬೋಸ್ಟ್’ಗೆ? ನನ್ನ ಮೇಲೆಯೇ ಬರೆದಿರುತ್ತಾನೆ, ನನಗೆ ಗೊತ್ತು. ಎರಡೇ ಎರಡು ತಿಳಿಸು ಸಾಕು.

ಅಕ್ಕ

ಏಪ್ರಿಲ್ 3

ಅಕ್ಕ,

ಹಾಳೆಗಳು ಇದರಲ್ಲಿವೆ. ಮ್ಯಾನೇಜರಮ್ಮ ಬರುವುದರೊಳಗೆ ಮುಗಿಸು.

ಅವನ ವಾಕ್ಯಗಳನ್ನು ತಿಳಿಸುವುದಿಲ್ಲ. ಒಂದು ಮಾತು ಮುರಿದದ್ದು ಸಾಕು. ನಿನ್ನ ವಾಕ್ಯಗಳನ್ನು ಅವನಿಗೆ ತೋರಿಸಿದರೆ ನಿನಗೆ ಹೇಗಾಗುತ್ತದೆ, ಯೋಚಿಸು. ಬಾಯ್ಲರು, ಸುಟ್ಟ ಅಂಗಿ, ಎಲ್ಲವನ್ನೂ?

ಇಷ್ಟು ಹೇಳಬಹುದು. ಅವನೂ ನಿನ್ನ ಹಾಗೆಯೇ ಎಲ್ಲ ಪದಗಳನ್ನೂ ಒಬ್ಬರ ಮೇಲೆಯೇ ಬರೆಯುತ್ತಾನೆ. ಎಲ್ಲವೂ ದೂರುಗಳಲ್ಲ.

ತಂಗಿ

ಏಪ್ರಿಲ್ 19

ತಂಗಿಗೆ,

‘ಎಲ್ಲವೂ ದೂರುಗಳಲ್ಲ’ ಎಂದು ಬರೆದು ನನ್ನ ನಿದ್ದೆ ಕೆಡಿಸಿದೆ. ಇರಲಿ. ಮ್ಯಾನೇಜರಮ್ಮ ಗುರುವಾರ ಬಂದಿದ್ದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ವಯಸ್ಸಿನಲ್ಲಿ ಚಿಕ್ಕವರು, ನಡಿಗೆ ಚುರುಕು. ಬಂದವರೇ ಒಗೆಯುವ ಯಂತ್ರ ನೋಡಿದರು, ರೋಲರ್ ಇಸ್ತ್ರಿ ನೋಡಿದರು, ಒಂದು ದಿಂಬಿನ ಚೀಲ ಎತ್ತಿ ಮೂಸಿ ನೋಡಿದರು. ಅದು ನನಗೆ ಇಷ್ಟವಾಯಿತು. ಕೆಲಸ ಗೊತ್ತಿದ್ದವರು ಮೊದಲು ಮೂಗನ್ನೇ ಕಳಿಸುತ್ತಾರೆ. ನಾನು “ಪ್ಲೀಸ್ ಬಿ ಸೀಟೆಡ್” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. ದೊರೆ ತಿರುಗಿ ನೋಡಿದ ನೋಟ ನೀನು ನೋಡಬೇಕಿತ್ತು. ಸುಮ್ಮನಿದ್ದ ಇಸ್ತ್ರಿಪೆಟ್ಟಿಗೆ ಮಾತಾಡಿದ್ದರೂ ಅವನು ಅಷ್ಟು ಬೆಚ್ಚುತ್ತಿರಲಿಲ್ಲ.

ಅವರ ಮಾತು ಬಲು ವೇಗ. ಪದಗಳು ಗೊತ್ತಿದ್ದವು, ಆದರೆ ನನ್ನ ಹತ್ತಿರ ಬಂದು ನಿಲ್ಲುವಷ್ಟರಲ್ಲಿ ಮುಂದಿನವು ಬಂದು ದಬ್ಬುತ್ತಿದ್ದವು. ದೊರೆಗೆ ಅದು ಹಿಡಿಯಿತು. ಅವನು ತಡವರಿಸಿದ, ಆದರೆ ನಿಲ್ಲಲಿಲ್ಲ. ಹೊತ್ತು, ಗಾಡಿ, ಲೆಕ್ಕದ ಚೀಟಿ, ಎಲ್ಲಕ್ಕೂ ಉತ್ತರ ಕೊಟ್ಟ. ಬೀದಿಬೀದಿ ಸುತ್ತಿದವನು, ಯಾವ ಹೊತ್ತಿಗೆ ಯಾವ ರಸ್ತೆಯಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ ಎಂಬುದೂ ಅವನಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ರಸ್ತೆ ಕಾಣುವುದಿಲ್ಲ.

ಆಗ ಅವರು ಬೆಳಿಗ್ಗೆ ಕೊಟ್ಟದ್ದು ಅದೇ ಸಂಜೆ ವಾಪಸು ಬೇಕು, ಟವೆಲು ಸಹ, ಎಂದರು. ದೊರೆ “ಎಸ್ ಮೇಡಂ, ಸರ್ಟನ್ಲಿ” ಎಂದುಬಿಟ್ಟ.

ಟವೆಲು! ನಮ್ಮ ಒಣಗಿಸುವ ಕೋಣೆಯಲ್ಲಿ ದಪ್ಪ ಟವೆಲು ಸಂಜೆಗೆ ಮೇಲೆ ಮಾತ್ರ ಒಣಗಿರುತ್ತದೆ, ಅಂಚಿನಲ್ಲಿ ತೇವ ಉಳಿದಿರುತ್ತದೆ. ಹಾಗೇ ಮಡಿಸಿ ಕೊಟ್ಟರೆ ಮರುದಿನ ಮುಗ್ಗಲು ವಾಸನೆ. ಒಂದೇ ವಾರದಲ್ಲಿ ಕೆಲಸ ಕೈಬಿಡುತ್ತದೆ, ಹೆಸರೂ ಹೋಗುತ್ತದೆ. ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು: “ಏ ದಡ್ಡ, ಟವೆಲ್ ಒಣಗುತ್ತೇನೋ ಅಷ್ಟರಲ್ಲಿ? ಒಣಗಿರೋದು ನಿನ್ನ ತಲೆ!” ಇಪ್ಪತ್ತು ವರ್ಷದಿಂದ ಗಿರಾಕಿಗಳ ಮುಂದೆ ನಾನು ಅವನನ್ನು ತಿದ್ದಿದ್ದು ಹಾಗೆಯೇ. ಆದರೆ ಆಗ ನಾನು ಇಂಗ್ಲಿಷಿನಲ್ಲಿ ಇದ್ದೆ. ಮ್ಯಾನೇಜರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ದಡ್ಡ ಎನ್ನಲು ನಿನ್ನ ಹಾಳೆಗಳಲ್ಲಿ ಹುಡುಕಿದೆ, ಒಂದು ಪದವೂ ಇಲ್ಲ. ಇದ್ದದ್ದು ‘ಕನ್ಸಿಡರ್’, ‘ಸಜೆಸ್ಟ್’, ‘ಪೋಸ್ಟ್‌ಪೋನ್’.

ಅವುಗಳನ್ನೇ ಜೋಡಿಸಿದೆ. ನನ್ನ ಮಗನ ಕಡೆಗೆ ತಿರುಗಿ ಹೇಳಿದ ಮಾತಿನ ಅರ್ಥ ಇಷ್ಟು: ಬೆಡ್‌ಶೀಟಿಗೆ ಸಂಜೆ ಸರಿ. ಟವೆಲುಗಳನ್ನು ಮರುದಿನ ಬೆಳಿಗ್ಗೆಗೆ ಪೋಸ್ಟ್‌ಪೋನ್ ಮಾಡಬಹುದು ಎಂದು ನಾನು ಸಜೆಸ್ಟ್ ಮಾಡುತ್ತೇನೆ. ದಯವಿಟ್ಟು ನೀವು ಕನ್ಸಿಡರ್ ಮಾಡಿ.

ನೀವು ಎಂದೆನೋ ನೀನು ಎಂದೆನೋ, ಆ ಭಾಷೆಯಲ್ಲಿ ಎರಡಕ್ಕೂ ಒಂದೇ. ಆದರೆ ಕೇಳಿಸಿದ್ದು ನೀವು ಎಂದೇ. ದೊರೆ ಪೂರ್ತಿ ನನ್ನ ಕಡೆಗೆ ತಿರುಗಿದ. ದಯವಿಟ್ಟು ಎಂಬ ಮಾತನ್ನು ನನ್ನ ಬಾಯಿಂದ ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನೂ ಇಂಗ್ಲಿಷಿನಲ್ಲೇ, ಮೆಲ್ಲಗೆ, “ಯು ಆರ್ ರೈಟ್. ಐ ಡಿಡ್ ನಾಟ್ ಥಿಂಕ್ ಆಫ್ ದಿ ಹೆಮ್” ಎಂದ, ಅಂಚಿನ ಯೋಚನೆ ಬರಲಿಲ್ಲ ಎಂದು. ಬೈಗುಳ ಕೇಳಿ ಅವನು ಯಾವತ್ತೂ ತಪ್ಪು ಒಪ್ಪಿಕೊಂಡವನಲ್ಲ, ಮುಖ ಊದಿಸಿಕೊಂಡು ಸೈಕಲ್ ಹತ್ತಿ ಹೋಗುತ್ತಿದ್ದ. ಆಮೇಲೆ ಮ್ಯಾನೇಜರಮ್ಮನಿಗೆ ಟವೆಲಿನ ಅಂಚು ಬಿಚ್ಚಿ ತೋರಿಸಿ ನನಗಿಂತ ಚೆನ್ನಾಗಿ ವಿವರಿಸಿದ. ಅವರು ತಲೆಯಾಡಿಸಿ, ಎರಡು ತಿಂಗಳು ಮಾಡಿ ತೋರಿಸಿ, ಆಮೇಲೆ ಮುಂದಿನ ಮಾತು ಎಂದರು.

ಹೊರಡುವಾಗ, ನಾಳೆಯಿಂದ ಯಾರಿಗೆ ಫೋನ್ ಮಾಡಲಿ ಎಂದು ಕೇಳಿದರು. ಇಸ್ತ್ರಿ ಮೇಜಿನವರ ಕೈ ಮತ್ತೆ ನಿಂತಿತು. ದೊರೆ ನೆಲ ನೋಡುತ್ತಿದ್ದ. ನಾನು ಅವನ ಕಡೆಗೆ ಕೈ ತೋರಿಸಿದೆ. “ಒಣಗಿಸುವ ವಿಷಯ ಬಂದರೆ ನನಗೆ” ಎಂದೂ ಸೇರಿಸಿದೆ. ಅಷ್ಟೂ ಬಿಡುವುದಿಲ್ಲ.

ಈಗ ಬೆಳಗಿನ ಹೊತ್ತು ಅವನು ಗಲ್ಲಾದಲ್ಲಿ ಕೂರುತ್ತಾನೆ. ಮಧ್ಯಾಹ್ನದಿಂದ ನಾನು. ಬೆಳಿಗ್ಗೆ ಆ ಕಡೆ ಹೋದಾಗಲೆಲ್ಲ ಅವನನ್ನು ಎಬ್ಬಿಸಬೇಕು ಅನ್ನಿಸುತ್ತದೆ, ಅನ್ನಿಸುವುದಿಲ್ಲ ಎಂದರೆ ಸುಳ್ಳು. ಸೈಕಲ್ಲಿಗೆ ಬೇರೆ ಆಳನ್ನು ಇಟ್ಟಿದ್ದೇವೆ.

ಆ ಸಂಜೆ ಅವನು ಬಂದು, “ಅಮ್ಮ, ಯಾರು ಕಲಿಸಿದ್ದು?” ಎಂದ. “ನಿನಗೆ ಕಲಿಸಿದವಳೇ” ಎಂದೆ. ಅವನು ತಲೆ ಮೇಲೆ ಕೈಹೊತ್ತು ಕೂತ, ಆಮೇಲೆ ನಕ್ಕ, ನಾನೂ ನಕ್ಕೆ. ಸೊಸೆ ಒಳಗಿನಿಂದ ಬಂದು ಇಬ್ಬರನ್ನೂ ನೋಡಿ ವಾಪಸು ಹೋದಳು. ಅವನ ವಾಕ್ಯಗಳನ್ನು ನಾನು ಕೇಳಲಿಲ್ಲ. ಅವನೂ ನನ್ನವನ್ನು ಕೇಳಲಿಲ್ಲ. ಕೇಳಿದ್ದರೆ ಬಾಯ್ಲರಿನ ವಿಷಯ ಹೇಳಬೇಕಾಗುತ್ತಿತ್ತು.

ಈಗ ಗಿರಾಕಿಗಳ ಮುಂದೆ ಭಿನ್ನಾಭಿಪ್ರಾಯ ಬಂದರೆ ನಾವಿಬ್ಬರೂ ಇಂಗ್ಲಿಷಿಗೆ ಹೋಗುತ್ತೇವೆ. ಮಾತು ನಿಧಾನ, ತಪ್ಪುತಪ್ಪು, ಆದರೆ ಕೊನೆ ಮುಟ್ಟುತ್ತದೆ. ಇನ್ನು ಲಾಂಡ್ರಿಯ ವಿಳಾಸಕ್ಕೇ ಕಳಿಸು, ಒಂದೇ ಲಕೋಟೆ ಸಾಕು. ಮೇಲಿನ ಹಂತದ ಹಾಳೆಗಳೂ ಇವೆ ಎಂದು ಅವನು ಹೇಳಿದ. ಅವನ್ನೂ ಕಳಿಸು, ಎಷ್ಟು ಕಷ್ಟವಾದರೂ ಕಲಿಯುತ್ತೇನೆ. ಬೈಗುಳದ ಪದಗಳಿದ್ದರೆ ಮಾತ್ರ ತೆಗೆದುಬಿಡು. ನನ್ನ ಕೈಗೆ ಸಿಕ್ಕರೆ ನಾನು ಬಳಸದೆ ಇರುವವಳಲ್ಲ.

ನಿನ್ನ ಅಕ್ಕ